ಹಗ್ಗದ ಹನ್ನೊಂದು ಮರಿಗಳು

ಸೈಖನ್, ಬುಲ್ಗನ್ ಪ್ರಾಂತ
ಆಗಸ್ಟ್ ೧೯

ಪ್ರೀತಿಯ ಮಗಳೇ ಉಯಾಂಗಾ,

ಹೇಗಿದ್ದೀಯ? ಹೊಲಿಗೆ ಕಾರ್ಖಾನೆಯಲ್ಲಿ ಕೂತು ಕೂತು ಬಂದ ಬೆನ್ನುನೋವು ಇಳಿಯಿತೇ? ಹೊತ್ತಿಗೆ ಸರಿಯಾಗಿ ಮಾಂಸ ತಿನ್ನು, ಬರೀ ಎಲೆಕೋಸು ತಿಂದರೆ ಮೈಗೆ ಏನು ಬಂತು? ಇಲ್ಲಿ ಹುಲ್ಲು ಚೆನ್ನಾಗಿದೆ, ಕುದುರೆಗಳು ಕೊಬ್ಬಿವೆ. ನೆರೆಯ ಗೊಂಬೊನ ಹೆಂಡತಿ ತನ್ನ ಮಗಳ ಬಾಣಂತನಕ್ಕೆಂದು ನೀನಿರುವ ಸಿಯೋಲ್‌ಗೇ ಹೊರಟಿದ್ದಾಳೆ, ಅವಳ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಪ್ಪ ಪಕ್ಕದಲ್ಲೇ ಕಿವಿಗೊಟ್ಟು ಕೂತಿರುತ್ತಾರೆ.

ಅವರ ಲಿವರ್ ಕೆಟ್ಟು ಆರು ವರ್ಷವಾಯಿತು, ನಿನಗೆ ಗೊತ್ತಿರುವುದೇ. ಈ ಬೇಸಿಗೆಯಲ್ಲಿ ಅದು ತಲೆಗೂ ಬಂತು. ಲಿವರ್ ತಡೆಯಬೇಕಾದ ವಿಷ ರಕ್ತದಲ್ಲೇ ಉಳಿದು ಮಿದುಳನ್ನು ಮಂಕು ಮಾಡುತ್ತದೆಯಂತೆ. ಜೂನ್‌ನಲ್ಲಿ ಆಸ್ಪತ್ರೆಯ ಡಾಕ್ಟರಮ್ಮ ಒಂದು ಕಾಗದ ಕೊಟ್ಟು, ಅಲ್ಲಲ್ಲಿ ಚದುರಿದ ಅಂಕಿಗಳನ್ನು ಒಂದರಿಂದ ಸಾಲಾಗಿ ಗೆರೆ ಎಳೆದು ಜೋಡಿಸಿ ಎಂದಳು. ನಿಮ್ಮಪ್ಪ ಒಂಬತ್ತರ ಹತ್ತಿರ ಪೆನ್ನು ಹಿಡಿದು ಸುಮ್ಮನೆ ಕೂತುಬಿಟ್ಟರು. ಆಮೇಲೆ, "ಇದೇನವ್ವಾ ಮಕ್ಕಳಾಟ ಆಡಿಸ್ತೀಯಾ? ನನ್ನ ಕುದುರೆಮರಿಗಳ ಹೆಸರು ಕೇಳು, ಹೇಳ್ತೀನಿ" ಎಂದು ಅವಳನ್ನೇ ಗದರಿದರು. ಅಂದಿನಿಂದ ನನ್ನ ಪರೀಕ್ಷೆಯೂ ಅದೇ. ದಿನಾ ಬೆಳಿಗ್ಗೆ, ತಾಯಿಕುದುರೆಗಳ ಹಾಲು ಕರೆಯಲೆಂದು ಮರಿ ಕಟ್ಟುವ ಹಗ್ಗದ ಮುಂದೆ ನಿಲ್ಲಿಸಿ ಬೂದುಬೆನ್ನು, ಬಿಳಿಕಾಲು, ಹೊಗೆಗೆಂಪು ಎಂದು ಹನ್ನೊಂದನ್ನೂ ಹೇಳಿಸುತ್ತಿದ್ದೆ. ಎಲ್ಲವೂ ಸರಿ ಬಂದ ದಿನ ನನಗೆ ಹಬ್ಬ.

ಡಾಕ್ಟರಮ್ಮ ಔಷಧದ ಜೊತೆಗೆ ಒಂದು ಪುಡಿಯ ಪೊಟ್ಟಣಗಳನ್ನೂ ಕೊಟ್ಟಿದ್ದಳು. ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪುಡಿ. "ಇವು ಹೊಟ್ಟೇಲಿ ನೆಲೆ ನಿಂತ್ರೆ ತಲೆಗೆ ಏರೋ ವಿಷ ಕಮ್ಮಿ ಆಗ್ಬೋದು, ಖಂಡಿತ ಅಂತ ಹೇಳಲಾರೆ. ಮದ್ಯ ಮಾತ್ರ ಒಂದು ತೊಟ್ಟೂ ಬೇಡ" ಎಂದಿದ್ದಳು. ಮನೆಯಲ್ಲಿದ್ದ ವೋಡ್ಕಾವನ್ನೆಲ್ಲ ಅಂದೇ ಗೊಂಬೊನಿಗೆ ಕೊಟ್ಟುಬಿಟ್ಟೆ. ಅವನು ಪೊಟ್ಟಣ ನೋಡಿ ನಕ್ಕ. "ಏನತ್ತಿಗೆ, ಊರಿಗೆಲ್ಲ ಐರಗ್ ಕುಡಿಸೋ ಮನೇಗೆ ಪಟ್ಟಣದಿಂದ ಹುಳಿ ಪುಡಿ ತಂದ್ರಾ? ನಿಮ್ಮ ಚರ್ಮದ ಚೀಲದಲ್ಲೇ ಅಂಥವು ಕೋಟಿಗಟ್ಲೆ ಇದಾವೆ!" ನನಗೂ ಸರಿಯೆನಿಸಿತು. ಸಾವಿರ ಸಲ ಕಡೆಗೋಲು ಹಾಕಿ ಹುಳಿ ಬರಿಸಿದ ಕುದುರೆ ಹಾಲಿನ ಐರಗ್‌ಗಿಂತ ಆ ಪುಡಿ ಹೆಚ್ಚೇ? ಪುಡಿಯನ್ನು ಐರಗ್‌ನಲ್ಲೇ ಕಲಸಿ ದಿನಕ್ಕೆ ಮೂರು ಬಟ್ಟಲು ಕೈಯಾರೆ ಕುಡಿಸಿದೆ. ವೋಡ್ಕಾ ಮದ್ಯ, ಐರಗ್ ಊಟ. ಹುಟ್ಟಿದಾಗಿನಿಂದ ನಮಗೆ ಹಾಗೆಯೇ ಅಲ್ಲವೇ? ನಾಲ್ಕನೇ ವಾರ ಅವರು ಏಳನೇ ಮರಿಯ ಹತ್ತಿರ ತಡವರಿಸಿದರು. ನಾನು ಇನ್ನೊಂದು ಬಟ್ಟಲು ಹೆಚ್ಚಿಸಿದೆ.

ಹೋದ ವಾರ ಅವರ ಕೈ ನಡುಗತೊಡಗಿತು, ಹಗಲಲ್ಲೇ ನಿದ್ದೆ ಹೋದರು. ಮತ್ತೆ ಆಸ್ಪತ್ರೆಗೆ ಓಡಿದೆವು. ಏನೇನು ಕುಡಿಸಿದಿರಿ ಎಂದು ಕೇಳಿದಾಗ ಹೆಮ್ಮೆಯಿಂದಲೇ ಹೇಳಿದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. "ಅದ್ರಲ್ಲೂ ಮದ್ಯ ಇರತ್ತಲ್ಲಮ್ಮಾ..." ಕೆಟ್ಟ ಮೇಲೆ ಬುದ್ಧಿ ಬಂತು ನೋಡು. ಬೈಯಲಿಲ್ಲ ಅವಳು. ರೋಗ ಹೇಗೂ ಮುಂದುವರಿಯುತ್ತಿತ್ತು, ಇದರಿಂದ ಎಷ್ಟು ಕೆಟ್ಟಿತೆಂದು ಯಾರೂ ಹೇಳಲಾರರು ಎಂದಳು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ.

ಈಗ ಐರಗ್ ಕೊಡುವುದಿಲ್ಲ ಎಂದರೆ ಅವರು ಕೇಳುವುದಿಲ್ಲ. ಬಂದವರಿಗೆ ಬಟ್ಟಲು ಕೊಡದೆ ಕಳಿಸುವಂತಿಲ್ಲ, ಕೊಟ್ಟರೆ ಇವರು ಕೈಚಾಚುತ್ತಾರೆ. "ನನ್ನ ಮನೇಲಿ ನನಗೇ ಇಲ್ವೇನೇ?" ಆ ಮಾತು ಕೇಳಲಾರದೆ ಸೋಮವಾರ ಹನ್ನೊಂದು ಮರಿಗಳನ್ನೂ ಹಗ್ಗದಿಂದ ಬಿಚ್ಚಿಬಿಟ್ಟೆ. ತಾಯಂದಿರ ಹಾಲನ್ನು ಅವೇ ಕುಡಿಯಲಿ. ಕರೆಯಲು ಹಾಲಿಲ್ಲ, ಚೀಲ ಒಣಗಿದೆ. ಬೇಸಿಗೆಯಲ್ಲಿ ಐರಗ್ ಇಲ್ಲದ ಮನೆ ಎಂದು ಜನ ಆಡಿಕೊಳ್ಳಲಿ. ಇದಕ್ಕಿಂತ ಹೆಚ್ಚಿನದು ನನ್ನ ಕೈಯಲ್ಲಿ ಏನೂ ಇಲ್ಲ ಮಗಳೇ.

ದಿನಾ ಬೆಳಿಗ್ಗೆ ಮೊದಲ ಚಹಾವನ್ನು ನೀನಿರುವ ದಿಕ್ಕಿಗೆ ಚಿಮುಕಿಸುತ್ತೇನೆ. ಆಕಾಶ ನಿನ್ನನ್ನು ಕಾಯಲಿ.

ನಿನ್ನ ಅಮ್ಮ,
ತ್ಸೆರ್ಮಾ

ಬರೆಯಲು ಮರೆತದ್ದು: ಗೊಂಬೊನ ಹೆಂಡತಿ ಬಾಗಿಲಲ್ಲಿ ಹೊರಟು ನಿಂತಿದ್ದಾಳೆ. ಚಳಿಗಾಲ ಕಳೆದು ಬಿಳಿ ತಿಂಗಳ ಹೊಸವರ್ಷದ ಹಬ್ಬಕ್ಕೆ ಬರುತ್ತೇನೆ ಎಂದಿದ್ದೆಯಲ್ಲ, ಅಷ್ಟು ಕಾಯಬೇಡ. ಈ ಬೆಳಿಗ್ಗೆ ನಿಮ್ಮಪ್ಪ ಖಾಲಿ ಹಗ್ಗದ ಮುಂದೆ ಕೂತು ತಾವಾಗಿಯೇ ಮರಿಗಳ ಹೆಸರು ಹೇಳಿದರು. ಒಂದೂ ತಪ್ಪಲಿಲ್ಲ. ಆದರೆ ಹನ್ನೆರಡು ಹೇಳಿದರು, ಕೊನೆಯದು ನಿನ್ನ ಹೆಸರು. "ಉಯಾಂಗಾ ಹಗ್ಗ ಬಿಚ್ಕೊಂಡು ಹೋಗ್ಬಿಟ್ಟಿದೆ ಕಣೇ. ದೂರ ಹೋಗಿರಲ್ಲ, ನೋಡ್ಕೊಂಡು ಬಾ" ಎಂದರು.