ಪೂಜೆ ಮಾಡಿದ ಹಗ್ಗ

೩೦ ಸೆಪ್ಟೆಂಬರ್ ೨೦೦೬, ಶನಿವಾರ

ಹೆಲ್ಮೆಟ್ ಇಪ್ಪತ್ತನಾಲ್ಕು, ಸರಿ. ಸೊಂಟಕ್ಕೆ ಬಿಗಿಯುವ ಹಾರ್ನೆಸ್ ಇಪ್ಪತ್ತು. ಎರಡರ ಬಕಲ್ ಬದಲಿಸಬೇಕು, ಮೂರು ವಾರದಿಂದ ಬರೆದು ಕೊಡುತ್ತಲೇ ಇದ್ದೇನೆ. ಅಷ್ಟರಲ್ಲಿ ನಮ್ಮ ಮಾಲೀಕರು ಅಂಜನಮೂರ್ತಿ ಸರ್ ಕರೆದರು. ಆಫೀಸಿನ ಆಯುಧಪೂಜೆ. ರಸೆಲ್ ಮಾರುಕಟ್ಟೆಗೆ ಹೋಗಿ ಹೂವು, ಬೂದುಗುಂಬಳ ತರಬೇಕಂತೆ. ಜನರನ್ನು ಹಗ್ಗ ಕಟ್ಟಿ ಬಂಡೆಯಿಂದ ಇಳಿಸುವ ಕಂಪನಿ ನಮ್ಮದು. ಇಲ್ಲಿ ಸೇಫ್ಟಿ ಇನ್‌ಚಾರ್ಜ್ ಎಂದರೆ ಕುಂಬಳಕಾಯಿ ಹೊರುವವಳು!

ಇಂದಿರಾನಗರದ ಆಫೀಸಿಗೆ ವಾಪಸ್ ಬರುವಷ್ಟರಲ್ಲಿ ಪೂಜೆ ಶುರುವಾಗಿತ್ತು. ನಾಲ್ಕೂ ಹಗ್ಗ ಸುರುಳಿ ಸುತ್ತಿ ಟೆಂಪೋ ಮುಂದೆ ಪೇರಿಸಿದ್ದಾರೆ. ಅದರ ಮೇಲೆ — ಬರೆಯಲಿಕ್ಕೂ ಮೈ ಉರಿಯುತ್ತದೆ — ಟೆಂಪೋದ ಬ್ಯಾಟರಿ! ಅದಕ್ಕೂ ಕುಂಕುಮ, ಅದಕ್ಕೂ ಸೇವಂತಿಗೆ. ಡ್ರೈವರ್ ದುರ್ಗೇಶನನ್ನು ಹಿಡಿದು ಕೇಳಿದೆ.

"ಅದೂ ಆಯುಧನ ಅಲ್ಲೇನ್ರಿ ಅಕ್ಕಾ? ನೆಲಕ್ಕ ಇಡಬಾರದಂತ ಹಗ್ಗದ ಮ್ಯಾಲ ಇಟ್ಟೀನ್ರಿ."

"ಅದ್ರಿಂದ ಹಗ್ಗದ ಮೇಲೆ ಏನಾದ್ರೂ ಸುರೀತೇನೋ?"

"ನಿನ್ನಿ ರಾತ್ರಿನ ಇಟ್ಟಿದ್ದೆ. ಸ್ವಲ್ಪ ನೀರು ಸುರದಿತ್ರಿ. ಎಲ್ಲಾ ಒರೆಸಿ, ಮತ್ತ ಚಂದಾಗಿ ಜೋಡಿಸೀನಿ."

ನೀರಲ್ಲ ಪುಣ್ಯಾತ್ಮ, ಆಸಿಡ್. ನೈಲಾನ್ ಹಗ್ಗಕ್ಕೆ ಅದು ವಿಷ. ಮೇಲೆ ಕಲೆಯೂ ಕಾಣದೆ ಒಳಗಿನ ಎಳೆ ಸಾಯಬಹುದು. ಸುರಿದದ್ದು ಯಾವ ಹಗ್ಗದ ಮೇಲೆ? ಅವನಿಗೇ ಗೊತ್ತಿಲ್ಲ. ನಾಲ್ಕನ್ನೂ ಅದಲುಬದಲು ಮಾಡಿಬಿಟ್ಟಿದ್ದಾನೆ.

೩ ಅಕ್ಟೋಬರ್, ಮಂಗಳವಾರ

ಎರಡು ದಿನ ರಜೆ. ಅಮ್ಮ ಒಬ್ಬಟ್ಟು ಬಡಿಸುವಾಗಲೂ ನನ್ನ ತಲೆಯಲ್ಲಿ ಅದೇ ಹಗ್ಗ. ಇವತ್ತು ಸರ್ ಎದುರು ನಿಂತು ಹೇಳಿಯೇಬಿಟ್ಟೆ — ನಾಲ್ಕೂ ಹಗ್ಗ ಕತ್ತರಿಸಿ ಬಿಸಾಡಬೇಕು. ಇಡಿಯಾಗಿ ಬಿಟ್ಟರೆ ಇನ್ಯಾರೋ ಎತ್ತಿಕೊಂಡು ಹೋಗುತ್ತಾರೆ.

"ಪೂಜೆ ಮಾಡಿರೋ ಹಗ್ಗಕ್ಕೆ ಚಾಕು ಹಾಕ್ತೀನಿ ಅಂತೀಯಲ್ಲಮ್ಮ ರೇವತಿ! ಬಾಯಲ್ಲಿ ಒಳ್ಳೇ ಮಾತೇ ಬರಲ್ವಾ?"

"ಸರ್, ಶನಿವಾರ ಬುಕ್ ಮಾಡಿರೋ ಕಂಪನಿಯವ್ರು ಇಪ್ಪತ್ತೆರಡು ಜನ ಅದ್ರಲ್ಲಿ ನೇತಾಡ್ತಾರೆ."

"ಹೊಸ ಹಗ್ಗ ಬರೋಕೆ ತಿಂಗಳಾಗುತ್ತೆ. ಅಲ್ಲೀವರ್ಗೂ ಅಂಗಡಿ ಮುಚ್ಲಾ?"

ಆಮೇಲೆ ನಡೆದದ್ದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಒಂದು ಹಗ್ಗ ತೆಗೆದು ಮೆಟ್ಟಿಲ ಕಂಬಿಗೆ ಕಟ್ಟಿ, ಸರ್ ತಾವೇ ಜೋತುಬಿದ್ದರು. ಹೊಟ್ಟೆ, ಟೈ, ಎಲ್ಲಾ ಸಮೇತ. ಹತ್ತು ಎಣಿಸಿ ಇಳಿದರು.

"ನೋಡು. ಏನಾಯ್ತು?"

"ಉಳಿದ ಮೂರು, ಸರ್?"

"ನಾಲ್ಕೂ ಒಂದೇ ದಿನ ತಂದಿದ್ದಲ್ವಾ!"

ಹಗ್ಗಗಳನ್ನು ತಮ್ಮ ಬೀರುವಿಗೆ ಹಾಕಿ ಬೀಗ ಜಡಿದರು. ನನ್ನಿಂದ ಕಾಪಾಡಲು!

೬ ಅಕ್ಟೋಬರ್, ಶುಕ್ರವಾರ, ಸಂಜೆ

ಎರಡು ದಿನ ಬರೆಯಲಿಲ್ಲ, ಬರೀ ಜಗಳ. ಇವತ್ತು ಆ ಹಗ್ಗ ಬಳಸಬಾರದೆಂದು ಲೆಟರ್ ಬರೆದುಕೊಟ್ಟೆ. ಓದದೆ ಡ್ರಾಯರಿಗೆ ಹಾಕಿದರು. "ನಾಳೆ ನೀನು ಬರೋದ್ ಬೇಡ. ಅವ್ರನ್ನ ನಾನೇ ಕರ್ಕೊಂಡ್ ಹೋಗ್ತೀನಿ."

ಸುಮ್ಮನಿದ್ದರೆ ಕೆಲಸ ಉಳಿಯುತ್ತದೆ. ಆದರೆ ಅರವತ್ತಡಿ ಬಂಡೆಯ ಮಧ್ಯದಲ್ಲಿ ಯಾರದೋ ಮಗಳು... ಕೋಪಕ್ಕಿಂತ ಹೆಚ್ಚಾಗಿ ಭಯವಾಗುತ್ತಿದೆ.

೭ ಅಕ್ಟೋಬರ್, ಶನಿವಾರ, ಬೆಳಿಗ್ಗೆ ೭.೨೦, ಟಿನ್ ಫ್ಯಾಕ್ಟರಿ ಬಸ್ ಸ್ಟಾಪ್

ಎಳನೀರು ಗಾಡಿಯ ಪಕ್ಕ ಕೂತು ಬರೆಯುತ್ತಿದ್ದೇನೆ. ಬಂಡೆ ಇಳಿಯಲು ಅಂತರಗಂಗೆ ಬೆಟ್ಟಕ್ಕೆ ಹೋಗುವವರು ಟೆಂಪೋ ಹತ್ತುವುದು ಇಲ್ಲೇ. ಅದಕ್ಕೇ ಬಂದೆ. ಅವರ ಎಚ್‌ಆರ್ ತೂಬಾ ಎನ್ನುವ ಹುಡುಗಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ.

"ಏನಾದ್ರೂ ನಾವೇ ಹೊಣೆ ಅಂತ ನಾವೆಲ್ಲ ಫಾರ್ಮ್‌ಗೆ ಸೈನ್ ಮಾಡಿದೀವಿ ಮೇಡಂ. ಸ್ವಲ್ಪ ರಿಸ್ಕ್ ಇದ್ರೇನೇ ಮಜಾ ಅಲ್ವಾ?"

ಸೈನ್ ಮಾಡಿದರೆ ಬಂಡೆ ಮೆತ್ತಗಾಗುತ್ತದೆಯೇ ತಾಯಿ?

ಸರ್ ರಸ್ತೆಯಾಚೆ ಟೀ ಕುಡಿಯುತ್ತಿದ್ದರು. ದುರ್ಗೇಶ ತಲೆ ತಗ್ಗಿಸಿಕೊಂಡು ಹಗ್ಗದ ಚೀಲ ತಂದು ನನ್ನ ಕಾಲ ಬಳಿ ಇಟ್ಟ. "ತಗೋರಿ ಅಕ್ಕಾ. ನನ್ನಿಂದನ ಆಗೇದ."

ಎಳನೀರಿನವನ ಮಚ್ಚು ಇಸಿದುಕೊಂಡೆ. ಮೊದಲ ಹಗ್ಗ ಕತ್ತರಿಸಿದೆ. ಟೆಂಪೋದಲ್ಲಿದ್ದವರು ಚಪ್ಪಾಳೆ ತಟ್ಟಿದರು, ಇದೂ ಒಂದು ಗೇಮ್ ಎಂದುಕೊಂಡು! ಅತ್ತ ಸರ್ ಟೀ ಲೋಟದ ಸಮೇತ ಕೂಗುತ್ತಾ ಓಡಿ ಬರುತ್ತಿದ್ದಾರೆ, ಲಾರಿಗಳು ಬಿಡಬೇಕಲ್ಲ. ಎರಡನೆಯದು. ಮೂರನೆಯದು. ಮೂರರ ಒಳಗೂ ಎಳೆ ಮಲ್ಲಿಗೆಯಷ್ಟು ಬಿಳುಪು. ಸುಮ್ಮನೆ ರಂಪ ಮಾಡಿಬಿಟ್ಟೆನೇ? ಕೆಲಸವೂ ಹೋಯಿತು, ಮಾನವೂ ಹೋಯಿತು ಎಂದುಕೊಂಡೆ. ಸರ್ ಬಂದು ನಾಲ್ಕನೆಯದರ ಒಂದು ತುದಿ ಹಿಡಿದುಕೊಂಡರು.

"ಬಿಡು! ಬಿಡ್ತೀಯೋ ಇಲ್ವೋ!"

ನಾನು ಇನ್ನೊಂದು ತುದಿ ಹಿಡಿದು ಎಳೆದೆ. ಮಚ್ಚು ಬೇಕಾಗಲೇ ಇಲ್ಲ, ಹಗ್ಗ ತಾನೇ ನಡುವೆ ತುಂಡಾಯಿತು. ಸರ್ ಒಂದು ಕಡೆ, ನಾನೊಂದು ಕಡೆ, ಇಬ್ಬರ ಕೈಯಲ್ಲೂ ಅರ್ಧರ್ಧ ಹಗ್ಗ.