ಬಸವಣ್ಣನ ಮುಂದೆ ಬಿಚ್ಚಿದ ಬೂಟು

ಡಿಸೆಂಬರ್ ೧, ಖಡಕಿ

ಇಡೀ ಪುಣೆಯಲ್ಲಿ ನನಗಿಂತ ಜೋರಾಗಿ ಓಡುವ ಗಂಡಸು ಇನ್ನೂ ಹುಟ್ಟಿಲ್ಲ. ಇವತ್ತು ಮಿಲಿಟರಿ ಟ್ರಕ್ಕನ್ನೇ ಹಿಂದೆ ಹಾಕಿದೆ. ಹೆಂಡತಿ ಸಾವಂತ್ರವ್ವ ಮನೆಯ ಗ್ಯಾಲರಿಯಿಂದ ನೋಡಿದಳು.

"ಅದು ಪಂಕ್ಚರ್ ಆಗಿ ನಿಂತಿತ್ತಲ್ರೀ."

ನಿಂತರೇನು, ಟ್ರಕ್ಕು ಟ್ರಕ್ಕೇ.

ಗುರುವಾರ ವಿಮಾನ. ಕಾಂಬೋಡಿಯಾದ ಹಳೇ ಗುಡಿಗಳ ನಡುವೆ ಇಪ್ಪತ್ತೊಂದು ಕಿಲೋಮೀಟರ್ ಓಟ, ಆಮೇಲೆ ಸೈಟ್‌ಸೀಯಿಂಗ್. ಒಂದೇ ಟಿಕೀಟು, ಎರಡು ಕೆಲಸ. ಇವಳಿಗೆ ಓಟ ಬೇಡ, ಕೆರೆ ಬೇಕು. ಅಲ್ಲಿ ಊರಿಗೆ ಊರೇ ನೀರಿನ ಮೇಲೆ ತೇಲುತ್ತದಂತೆ. ಎರಡು ವರ್ಷದಿಂದ ಮೊಬೈಲಿನಲ್ಲಿ ಅದೇ ವಿಡಿಯೋ. ಅವಳ ತಿರುಗಾಟದ ಡಾಲರ್ ಬೇರೆ ಪಾಕೀಟಿನಲ್ಲಿ. ಪಾಕೀಟು ನನ್ನ ಹತ್ತಿರ. ಜವಾಬ್ದಾರಿಯ ಮನುಷ್ಯ ಮತ್ತ್ಯಾರು!

ಡಿಸೆಂಬರ್ ೬, ಸೀಮ್ ರೀಪ್

ಎಳನೀರು ಎರಡು, ಆಟೋ ಐದು, ಊಟ ಎಂಟು. ಎಲ್ಲವೂ ಡಾಲರ್. ಯಾರೂ ಬಾಯಿಬಿಟ್ಟು ಡಾಲರ್ ಎನ್ನುವುದೂ ಇಲ್ಲ.

ಓಟಕ್ಕೆ ಬಂದ ನಮ್ಮ ಗುಂಪಿನಲ್ಲಿ ತಳೇಗಾಂವದ ಪ್ರಲ್ಹಾದ — ಫ್ಯಾಕ್ಟರಿಯಲ್ಲಿ ಸಾಹೇಬ, ಮೂಲ ಧಾರವಾಡ. ಕೈಗೆ ಹಪ್ಪಳದಗಲ ವಾಚು. ಊಟಕ್ಕೆ ಕೂತಾಗ ಕೆಣಕಿದ.

"ಕಾಕಾ, ನೀವು ಮೂರು ತಾಸಿನ್ಯಾಗ ಮುಗಿಸಿದ್ರ ಭಾಳ ಆತು."

"ಮೂರು ತಾಸಿನ್ಯಾಗ ಓಡಿ, ಜಳಕಾ ಮಾಡಿ, ನಾಷ್ಟಾ ಮುಗಿಸಿರ್ತೀನಿ. ಹಚ್ಚರಿ ಪಂದ್ಯ, ಐನೂರು!"

"ಐನೂರಾ? ವಿಚಾರ ಮಾಡ್ರಿ ಕಾಕಾ."

"ಹೆದರಿದ್ರೇನು ಪ್ರಲ್ಹಾದರಾವ್?"

ಸಾವಂತ್ರವ್ವ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಐನೂರಕ್ಕೇ ಬೆವರುವ ಸಾಹೇಬ!

ಡಿಸೆಂಬರ್ ೮

ಹದಿನಾರು ಕಿಲೋಮೀಟರ್ ತನಕ ಕುದುರೆ. ಬೇಕಾದಷ್ಟು ಹೊತ್ತಿತ್ತು. ಆಗ ದಾರಿಯ ಪಕ್ಕ — ಕಲ್ಲಿನ ಬಸವಣ್ಣ. ಕೋಡಿಲ್ಲ, ಮುಖ ಸವೆದಿದೆ. ಹೊಳಬಸಪ್ಪ ಎಂಬ ನನ್ನ ಹೆಸರಿನಲ್ಲೇ ಕೂತವನು. ಬೂಟುಗಾಲಲ್ಲಿ ಹೇಗೆ ದಾಟಲಿ? ಬಿಚ್ಚಿದೆ. ಕುಡಿಯುವ ನೀರು ಅವನ ಮೈಮೇಲೆ ಹೊಯ್ದು ಒಂದು ಸುತ್ತು ಹಾಕಿದೆ. ಕಾವಲಿನವನು ಸೀಟಿ ಊದಿದ. ಹುರುಪು ತುಂಬುತ್ತಿದ್ದಾನೆ ಎಂದುಕೊಂಡು ಕೈ ಬೀಸಿದೆ.

ಆಮೇಲೆ ಬೂಟಿನೊಳಗೆ ಕಾಲು ಹೋಗಲೇ ಇಲ್ಲ. ಬಾತು ಬನ್ನಾಗಿತ್ತು. ಉಳಿದ ದಾರಿ ಬರಿಗಾಲು... ನಾನು ತಲುಪಿದಾಗ ಓಟ ಮುಗಿಯುವಲ್ಲಿ ನಿಲ್ಲಿಸಿದ್ದ ರಬ್ಬರ್ ಕಮಾನಿನ ಗಾಳಿ ಬಿಡುತ್ತಿದ್ದರು. ನನಗೇ ಬಾಗಿ ನಮಸ್ಕಾರ ಮಾಡಿದಂತಿತ್ತು.

"ಬೂಟ ಕೈಯಾಗ್ಯಾಕ್ರಿ? ಮದಿವಿಗೆ ಹೋಗಿದ್ರೇನು, ಕದ್ದಾರು ಅಂತ ಹೆದರಾಕ?" ಸಾವಂತ್ರವ್ವ.

ರಾತ್ರಿ ಮೇಜಿನ ಮೇಲೆ ಐನೂರರ ನೋಟು ಬಡಿದೆ. ಪ್ರಲ್ಹಾದ ತಿರುಗಿಸಿ ನೋಡಿದ.

"ಕಾಕಾ, ಇದು ರೂಪಾಯಿ!"

ಎಲ್ಲರೂ ನಕ್ಕರು.

"ಬಿಡ್ರಿ, ಚಾಷ್ಟಿಗೆ ಹಚ್ಚಿದ್ದು. ನನಗೇನೂ ಬ್ಯಾಡ."

ಬೇಡವಂತೆ! ಅಷ್ಟು ಜನರ ಮುಂದೆ ಹೊಳಬಸಪ್ಪನಿಗೆ ಮಾಫಿ!

"ಚಾಷ್ಟಿ ಮಾಡಿದಾಂವ ನಾನು. ಆಡಿದ ಮಾತು ಹಿಂದಕ್ಕ ತಗೊಳ್ಳೂದಿಲ್ಲ," ಎಂದೆ. ಡಾಲರಿನ ಇನ್ನೊಂದು ಪಾಕೀಟು ತೆಗೆದೆ. ಇವಳು ಮಲಗಲು ಹೋಗಿದ್ದಳು, ಪುಣ್ಯ.

ಡಿಸೆಂಬರ್ ೯

ಕೆರೆ ರದ್ದು. ಕಾಲು ನೋವು ಎಂದೆ.

"ನಮ್ಮ ಕಾತ್ರಜದಾಗ ಕೆರಿ ಇಲ್ಲೇನು ಸಾವಂತ್ರಿ?"

ಇವಳು ಕೊಬ್ಬರಿ ಎಣ್ಣೆ ತಂದು ನಾನು ಚಾಚಿದ ಬಲಗಾಲು ತಿಕ್ಕತೊಡಗಿದಳು.

"ಮುಂಜಾನೆ ಎಡಗಾಲು ಅಂದಿದ್ರಿ."

"ನೋವು ಅಡ್ಡಾಡತದ."

ಡಿಸೆಂಬರ್ ೧೫, ಖಡಕಿ

ಮತ್ತೆ ಬೆಳಗಿನ ಓಟ ಶುರು. ಪದಕ ಬಸವಣ್ಣನ ಕೊರಳಿಗೆ ಹಾಕಿ ಬಂದೆ ಎಂದು ಓಣಿಗೆಲ್ಲ ಹೇಳಿಯಾಯಿತು. ನಂಬಿದರು.

ಇವಳು ರೊಟ್ಟಿ ಬಡಿಯುತ್ತ ಕೇಳಿದಳು, "ಪಂದ್ಯದಾಗ ಎಷ್ಟು ಹೋತ್ರೀ? ಖರೇ ಹೇಳ್ರಿ."

"ಐನೂರು."

"ಅಷ್ಟ ಏನು? ಹೋಗ್ಲಿ ಬಿಡ್ರಿ. ಆ ಪಾಕೀಟಿಗೆ ಇನ್ನಷ್ಟು ಕೂಡಿಸಿ ಮುಂದಿನ ವರ್ಷ ಹೋಗೂಣು. ಕೆರಿ ಎಲ್ಲಿ ಓಡಿ ಹೋಗತದ?"

ಐನೂರು ಎಂದದ್ದು ಸುಳ್ಳಲ್ಲ. ಡಾಲರ್ ಎಂಬ ಮಾತು ಬಾಯಿಗೆ ಬರಲಿಲ್ಲ, ಅಷ್ಟೇ... ಒಳಗೆ ಕಪಾಟಿನ ಸಪ್ಪಳ. "ಪಾಕೀಟು ಎಲ್ಲಿ ಇಟ್ಟೀರಿ?" ಎನ್ನುತ್ತಿದ್ದಾಳೆ. ನಲವತ್ತೆರಡು ಸಾವಿರದ ಐನೂರು ರೂಪಾಯಿ, ಸಾವಂತ್ರಿ. ಅಷ್ಟೂ ನಿನ್ನ ಕೆರೆಯ —