ಸುಂಕಿಯ ಲಂಗ

ಅವ್ವಾ,

ಎದ್ದರೆ ಅಳ್ತಿ ಅಂತ ಎಬ್ಬಿಸಲಿಲ್ಲ. ಸುಂಕಿನ್ನ ಆಪರೇಷನ್ನಿಗೆ ಕರ್ಕೊಂಡು ನಾನೂ ನಿನ್ನ ತಮ್ಮನೂ ಬೆಂಗಳೂರಿಗೆ ಹೊರಟೀವಿ. ಮೇಕೆಗೆ ನೀರಿಡು.

"ಒಂದೇ ರಕ್ತ, ಹೊರಗ್ಯಾಕ ಕೊಡೋದು" ಅಂತ ನನ್ನ ನಿನ್ನ ತಮ್ಮಗೇ ಕಟ್ಟಿದಿ. ಈಗ ನೋಡು, ನಮ್ಮಿಬ್ಬರ ರಕ್ತದ ಗುಂಪೂ ಮಗಳಿಗೆ ಹೊಂದಂಗಿಲ್ಲ. ಆದರೂ ನನ್ನ ಲಿವರಿನ ತುಂಡನ್ನೇ ಅವಳಿಗೆ ಹಾಕ್ತಾರಂತ. ಅವಳ ಮೈ ಅದರ ಜೊತೆ ಜಗಳಕ್ಕೆ ನಿಲ್ಲಬಾರದು ಅಂತ ಮೊದಲು ಅವಳ ರಕ್ತ ಸೋಸಿ ಪಳಗಿಸ್ತಾರ. ಮದುವೆಗೆ ಮೊದಲು ನಮ್ಮಿಬ್ಬರಿಗೂ ಯಾರಾದರೂ ಹಂಗ ಮಾಡಿದ್ದರೆ ಚಲೋ ಇತ್ತು.

ಮಾಲಕರು ಬಂದರೆ ಹೊಲಿಯಾಕ ಕೊಟ್ಟಿದ್ದ ಜೀನ್ಸ್ ಬಂಡಲ್ ವಾಪಸ್ ಕೊಡು.

ಮಿಷಿನ್ ಮೇಲೆ ಸುಂಕಿ ಲಂಗ ಐತಿ. ಹೊಟ್ಟೆ ಊದಿದಂಗೆಲ್ಲ ಸೊಂಟ ಬಿಚ್ಚಿ ಅಗಲ ಮಾಡಿದ್ದೆ. ಅದನ್ನ ಮತ್ತೆ ಹಿಡಿದು ಹೊಲಿ. ನಾನು ಬರದಿದ್ದರೂ ಹೊಲಿ.

ಮಾರೆಕ್ಕ